ಗ್ಲಯೊಬ್ಲಾಸ್ಟೋಮಾಕ್ಕೆ ಜೀನ್ ಚಿಕಿತ್ಸೆ: ಯಾವ ದಾರಿ, ಯಾರಿಗೆ, ಎಷ್ಟು ನಂಬಬಹುದು

ವಯಸ್ಕರ ಮಿದುಳಿನಲ್ಲೇ ಹುಟ್ಟುವ ಕ್ಯಾನ್ಸರ್ ಗಡ್ಡೆಗಳಲ್ಲಿ ಗ್ಲಯೊಬ್ಲಾಸ್ಟೋಮಾ ಅತ್ಯಂತ ಸಾಮಾನ್ಯವಾದದ್ದು, ಅತ್ಯಂತ ಉಗ್ರವಾದದ್ದೂ ಹೌದು. ಇದಕ್ಕೆ ಇಂದಿಗೂ ನೀಡುವ ಚಿಕಿತ್ಸೆಯ ಚೌಕಟ್ಟು 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಿಂದ ಬಂದದ್ದು. ಶಸ್ತ್ರಚಿಕಿತ್ಸೆಯಿಂದ ಗಡ್ಡೆಯನ್ನು ಸಾಧ್ಯವಾದಷ್ಟು ತೆಗೆದು, ಆರು ವಾರಗಳಲ್ಲಿ ಒಟ್ಟು 60 ಗ್ರೇ (ವಿಕಿರಣದ ಅಳತೆ) ವಿಕಿರಣ ಕೊಟ್ಟು, ಅದರ ಜೊತೆಗೂ ಆಮೇಲೂ ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಮಾತ್ರೆಯನ್ನು ನೀಡುತ್ತಾರೆ. ಈ ಮಾತ್ರೆ ಸೇರಿದ್ದರಿಂದ ಬದುಕುಳಿದ ಅವಧಿಯ ಮಧ್ಯಕ, ಅಂದರೆ ಅರ್ಧದಷ್ಟು ರೋಗಿಗಳು ದಾಟುವ ಗಡಿ, 12.1 ತಿಂಗಳಿನಿಂದ 14.6 ತಿಂಗಳಿಗೆ ಏರಿತು. ಎರಡು ವರ್ಷ ದಾಟಿದವರ ಪ್ರಮಾಣ ಶೇ. 10.4ರಿಂದ ಶೇ. 26.5ಕ್ಕೆ ಹೆಚ್ಚಿತು. ಇಷ್ಟೇ ಲಾಭವನ್ನು ದೊಡ್ಡ ಮುನ್ನಡೆ ಎಂದು ಕರೆಯಬೇಕಾಗಿ ಬಂದದ್ದೇ ಈ ರೋಗದ ಸ್ವಭಾವವನ್ನು ಹೇಳುತ್ತದೆ.

ಇಂತಹ ರೋಗಕ್ಕೆ ಜೀನ್ ಚಿಕಿತ್ಸೆಯ, ಅಂದರೆ ಹೆಚ್ಚಾಗಿ ವೈರಸ್ಸನ್ನು ವಾಹಕವಾಗಿಸಿ ಕೋಶಕ್ಕೆ ಹೊಸ ಜೀನ್ ಸೇರಿಸುವ ಚಿಕಿತ್ಸೆಯ, ಮಾತು ಮೂರು ದಶಕಗಳಿಂದ ಕೇಳಿಬರುತ್ತಿದೆ, ಮತ್ತು ಅದಕ್ಕೆ ಕಾರಣಗಳಿವೆ. ಮಿದುಳಿನ ನರಕೋಶಗಳು ವಿಭಜನೆಗೊಳ್ಳುವುದಿಲ್ಲ, ಗಡ್ಡೆಯ ಕೋಶಗಳು ನಿರಂತರವಾಗಿ ವಿಭಜನೆಗೊಳ್ಳುತ್ತವೆ. ಆದ್ದರಿಂದ ವಿಭಜನೆಗೊಳ್ಳುವ ಕೋಶವನ್ನಷ್ಟೇ ಹೊಗುವ ವೈರಸ್ಸಿಗೆ ಗುರಿ ತಾನಾಗಿಯೇ ಸಿಗುತ್ತದೆ. ಈ ಗಡ್ಡೆ ತಲೆಬುರುಡೆಯ ಆಚೆಗೆ ಹರಡುವುದು ಬಹಳ ಅಪರೂಪ, ಹಾಗಾಗಿ ಒಂದೇ ಅಂಗಕ್ಕೆ ಔಷಧ ಮುಟ್ಟಿಸಿದರೆ ಸಾಕು. ಆದರೆ ಆ ಒಂದೇ ಅಂಗದೊಳಗೆ ಅದು ಹರಡುವ ಬಗೆ ಮಾತ್ರ ಹೊಲದ ಗರಿಕೆಯದು: ಮೇಲೆ ಕಂಡ ಬುಡವನ್ನು ಕಿತ್ತರೂ ಆರೋಗ್ಯವಂತ ಅಂಗಾಂಶದೊಳಗೆ ನುಸುಳಿದ ಬೇರು ಉಳಿದೇ ಇರುತ್ತದೆ. ಮರುಕಳಿಸುವ ಗಡ್ಡೆಗಳಲ್ಲಿ ಹೆಚ್ಚಿನವು ಮೊದಲ ಗಡ್ಡೆಯ ಅಂಚಿನಿಂದ ಸುಮಾರು ಎರಡು ಸೆಂಟಿಮೀಟರ್ ಒಳಗೇ ಮೊಳೆಯುತ್ತವೆ.

ಈ ಲೇಖನದಲ್ಲಿ ಹೋಲಿಸುತ್ತಿರುವ ಎಲ್ಲ ದಾರಿಗಳನ್ನೂ ನಾನು ಒಂದೇ ಪ್ರಶ್ನೆಯಿಂದ ಅಳೆದಿದ್ದೇನೆ: ಕೊಟ್ಟ ಜೀನ್ ಗಡ್ಡೆಯ ಎಲ್ಲ ಕೋಶಗಳನ್ನು ಎಂದಿಗೂ ಮುಟ್ಟಲಾರದು ಎಂದ ಮೇಲೆ, ಮುಟ್ಟದೆ ಉಳಿದ ಕೋಶಗಳನ್ನು ಕೊಲ್ಲುವವರು ಯಾರು? ಸುದ್ದಿಗಳಲ್ಲಿ ಸಾಮಾನ್ಯವಾಗಿ ಯಾವ ಜೀನ್, ಯಾವ ವೈರಸ್ ಎಂಬುದಕ್ಕೇ ಒತ್ತು ಬೀಳುತ್ತದೆ. ಈವರೆಗಿನ ಸೋಲುಗೆಲುವುಗಳನ್ನು ಒಟ್ಟಿಗೆ ನೋಡಿದರೆ ಅವು ಎರಡನೆಯ ಸಾಲಿನ ಸಂಗತಿಗಳು.

ಆತ್ಮಹತ್ಯಾ ಜೀನ್: ಮೂರು ಬಾರಿ ಸೋತ ಜಾಣತನ

ಅತ್ಯಂತ ಹಳೆಯ ದಾರಿ ಇದು. ಗಡ್ಡೆಯ ಕೋಶದೊಳಗೆ ಒಂದು ಕಿಣ್ವದ ಜೀನ್ ಸೇರಿಸುತ್ತಾರೆ; ತಾನಾಗಿ ನಿರಪಾಯಕಾರಿಯಾದ ಔಷಧವೊಂದನ್ನು ಆ ಕಿಣ್ವವು ಕೋಶದೊಳಗೇ ವಿಷವಾಗಿ ಬದಲಿಸುತ್ತದೆ. ಹರ್ಪಿಸ್ ವೈರಸ್ಸಿನ ಥೈಮಿಡಿನ್ ಕೈನೇಸ್ ಜೀನ್ ಮತ್ತು ಗ್ಯಾನ್ಸಿಕ್ಲೋವಿರ್ ಔಷಧದ ಜೋಡಿ 1992ರಲ್ಲಿ ಇಲಿಗಳ ಮಿದುಳಿನ ಗಡ್ಡೆಯನ್ನು ಕರಗಿಸಿದಾಗ ಹುಟ್ಟಿದ ಭರವಸೆ ಸಣ್ಣದಲ್ಲ. ಮೇಲಿನ ಪ್ರಶ್ನೆಗೆ ಈ ದಾರಿಯ ಬಳಿ ಉತ್ತರವೂ ಇತ್ತು: ವಿಷವಾದ ಔಷಧ ಕೋಶಗಳ ನಡುವಿನ ಸಣ್ಣ ರಂಧ್ರಗಳ ಮೂಲಕ ಪಕ್ಕದ ಕೋಶಕ್ಕೂ ಹರಿದು, ಜೀನ್ ಸಿಗದ ನೆರೆಯವನ್ನೂ ಕೊಲ್ಲುತ್ತದೆ.

ಮನುಷ್ಯರಲ್ಲಿ ಆದದ್ದು ಬೇರೆ. 248 ರೋಗಿಗಳ ಮೂರನೆಯ ಹಂತದ, ಅಂದರೆ ಚಿಕಿತ್ಸೆ ನಿಜಕ್ಕೂ ಫಲ ಕೊಡುತ್ತದೆಯೇ ಎಂದು ಹೋಲಿಸಿ ನೋಡುವ, ಪ್ರಯೋಗದ ಫಲಿತಾಂಶ 2000ದಲ್ಲಿ ಹೊರಬಂದಾಗ ಜೀನ್ ಪಡೆದವರಿಗೂ ಪಡೆಯದವರಿಗೂ ಬದುಕುಳಿಯುವಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆಗ ಬಳಸಿದ್ದು, ವಿಭಜನೆಗೊಳ್ಳುವ ಕೋಶವನ್ನಷ್ಟೇ ಹೊಗುವ ರೆಟ್ರೊವೈರಸ್ಸನ್ನು ಉತ್ಪಾದಿಸುವ ಇಲಿಯ ಕೋಶಗಳನ್ನು. ಅವನ್ನು ಶಸ್ತ್ರಚಿಕಿತ್ಸೆಯ ನಂತರ ಉಳಿದ ಕುಳಿಯ ಗೋಡೆಗೆ ಚುಚ್ಚಲಾಗುತ್ತಿತ್ತು. ಅದೇ ಬಗೆಯ ಹಿಂದಿನ ಪ್ರಯೋಗಗಳಲ್ಲಿ ತೆಗೆದ ಗಡ್ಡೆಯನ್ನು ಪರೀಕ್ಷಿಸಿದವರಿಗೆ ಜೀನ್ ಕಂಡದ್ದು ಸೂಜಿ ಹೋದ ಜಾಡಿನ ಅಕ್ಕಪಕ್ಕದಲ್ಲಿ ಮಾತ್ರ. ಇಲಿಯ ಗಡ್ಡೆಯ ಗಾತ್ರದಲ್ಲಿ ಅಷ್ಟು ವ್ಯಾಪ್ತಿ ಸಾಕಾಗಿತ್ತು, ಮನುಷ್ಯನ ಗಡ್ಡೆಗೆ ಅದು ಏನೇನೂ ಸಾಲದು.

ಎರಡನೆಯ ಯತ್ನದಲ್ಲಿ ಅದೇ ಜೀನನ್ನು, ವಿಭಜನೆಗೊಳ್ಳದ ಕೋಶವನ್ನೂ ಹೊಗಬಲ್ಲ ಅಡಿನೊವೈರಸ್ಸಿನ ಮೂಲಕ ಕೊಡಲಾಯಿತು. ಯುರೋಪಿನ ಆಸ್ಪೆಕ್ಟ್ ಪ್ರಯೋಗದ 250 ರೋಗಿಗಳಲ್ಲಿ, ಮರಣ ಅಥವಾ ಮರುಚಿಕಿತ್ಸೆಯವರೆಗಿನ ಅವಧಿಯ ಮಧ್ಯಕ 268 ದಿನಗಳಿಂದ 308 ದಿನಗಳಿಗೆ ಏರಿತು. ಆದರೆ ಒಟ್ಟು ಬದುಕುಳಿಯುವಿಕೆಯ 497 ಮತ್ತು 452 ದಿನಗಳ ಅಂತರ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಇಲ್ಲಿ ಓದುಗರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಮರುಚಿಕಿತ್ಸೆ ಯಾವಾಗ ಬೇಕು ಎಂದು ತೀರ್ಮಾನಿಸುವವರು ವೈದ್ಯರು, ಮತ್ತು ಯಾವ ರೋಗಿಗೆ ಜೀನ್ ಸಿಕ್ಕಿದೆ ಎಂಬುದು ಈ ಪ್ರಯೋಗದಲ್ಲಿ ಅವರಿಗೆ ಗೊತ್ತಿತ್ತು. ಹಾಗಿರುವಾಗ ಆ ನಲವತ್ತು ದಿನಗಳಲ್ಲಿ ಔಷಧದ ಪಾಲೆಷ್ಟು, ವೈದ್ಯರ ನಿರೀಕ್ಷೆಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಯುರೋಪಿನ ನಿಯಂತ್ರಕರು 2009ರಲ್ಲಿ ಇದಕ್ಕೆ ಒಪ್ಪಿಗೆ ಕೊಡಲಿಲ್ಲ.

ಮೂರನೆಯದು ಟೋಕಾ 511. ಇದು ಗಡ್ಡೆಯೊಳಗೆ ತಾನೇ ಮರಿ ಮಾಡಿಕೊಂಡು ಹರಡುವ ರೆಟ್ರೊವೈರಸ್. ಅದು ಹೊತ್ತೊಯ್ಯುವ ಕಿಣ್ವವು ಫ್ಲೂಸೈಟೋಸಿನ್ ಎಂಬ ಶಿಲೀಂಧ್ರನಾಶಕವನ್ನು 5-ಫ್ಲೋರೊಯುರಾಸಿಲ್ ಎಂಬ ಕ್ಯಾನ್ಸರ್ ಔಷಧವಾಗಿಸುತ್ತದೆ. ಹರಡುವಿಕೆಯ ಕೊರತೆಗೆ ಇದೇ ಉತ್ತರ ಎಂದು ಬಹಳ ಜನ ನಂಬಿದ್ದರು, ಮೊದಲ ಹಂತದಲ್ಲಿ ಕೆಲವರ ಗಡ್ಡೆ ಪೂರ್ತಿ ಮಾಯವಾದದ್ದೂ ನಿಜ. ಆದರೆ 403 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗದಲ್ಲಿ ಮಧ್ಯಕ ಬದುಕುಳಿಯುವಿಕೆ ಜೀನ್ ಪಡೆದವರಲ್ಲಿ 11.1 ತಿಂಗಳು, ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ 12.2 ತಿಂಗಳು. ಚಿಕಿತ್ಸೆಯ ಕಥೆ 2019ರಲ್ಲಿ ಅಲ್ಲಿಗೇ ನಿಂತಿತು.

ಮುಂದೆ ಓದಲಿರುವ ಪ್ರತಿಯೊಂದು ಆಶಾದಾಯಕ ಅಂಕಿಯನ್ನೂ ಈ ಮೂರನೆಯ ಸೋಲಿನ ಪಕ್ಕದಲ್ಲಿಟ್ಟು ನೋಡಬೇಕೆಂದು ನನ್ನ ಕೋರಿಕೆ. ಆತ್ಮಹತ್ಯಾ ಜೀನನ್ನು ಒಂಟಿಯಾಗಿ ಬಳಸುವ ಪ್ರಯೋಗಕ್ಕೆ ಇಂದು ಯಾರಾದರೂ ಕರೆದರೆ, ಹಿಂದಿನ ಮೂರಕ್ಕಿಂತ ಇದರಲ್ಲಿ ಏನು ಬದಲಾಗಿದೆ ಎಂದು ಕೇಳುವ ಹಕ್ಕು ರೋಗಿಗಿದೆ.

ಕ್ಯಾನ್ಸರ್ ಕೋಶವನ್ನೇ ಒಡೆಯುವ ವೈರಸ್

ಇಲ್ಲಿ ವೈರಸ್ ಬರಿಯ ವಾಹಕವಲ್ಲ, ಅದೇ ಔಷಧ. ಆರೋಗ್ಯವಂತ ಕೋಶದಲ್ಲಿ ಬೆಳೆಯಲು ಬೇಕಾದ ಜೀನುಗಳನ್ನು ಅದರಿಂದ ತೆಗೆದಿರುತ್ತಾರೆ. ಗಡ್ಡೆಯ ಕೋಶದಲ್ಲಿ ಆ ಕೊರತೆ ಅಡ್ಡಿಯಾಗದ ಕಾರಣ ಅಲ್ಲಿ ಮಾತ್ರ ಬೆಳೆದು, ಕೋಶವನ್ನು ಒಡೆದು, ಒಳಗಿನ ಪ್ರೋಟೀನುಗಳನ್ನು ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳಿಸುತ್ತದೆ. ಮುಟ್ಟದೆ ಉಳಿದ ಕೋಶಗಳನ್ನು ಕೊಲ್ಲುವವರು ಯಾರೆಂಬ ಪ್ರಶ್ನೆಗೆ ಇಲ್ಲಿರುವ ಉತ್ತರ ರೋಗಿಯ ಸ್ವಂತ ಟಿ-ಕೋಶಗಳು, ಅಂದರೆ ಕೆಟ್ಟ ಕೋಶಗಳನ್ನು ಗುರುತಿಸಿ ಕೊಲ್ಲುವ ಬಿಳಿ ರಕ್ತಕಣಗಳು. ಮೊದಲ ದಾರಿಗಿಂತ ಇದು ಹೆಚ್ಚು ನಂಬಲರ್ಹ ಎಂದು ನಾನು ಭಾವಿಸುವುದು ಇದೇ ಕಾರಣಕ್ಕೆ.

ಮಿದುಳಿನ ಗಡ್ಡೆಗೆ ಸರ್ಕಾರವೊಂದರ ಒಪ್ಪಿಗೆ ಪಡೆದ ಮೊದಲ ವೈರಸ್ ಚಿಕಿತ್ಸೆ ಈ ಗುಂಪಿನದು. ಟೋಕಿಯೊ ವಿಶ್ವವಿದ್ಯಾಲಯದ ತೊಮೊಕಿ ತೊಡೊ ಅವರ ತಂಡ ಅಭಿವೃದ್ಧಿಪಡಿಸಿದ, ಮೂರು ಕಡೆ ತಿದ್ದಿದ ಹರ್ಪಿಸ್ ವೈರಸ್ ಜಿ47ಡೆಲ್ಟಾಕ್ಕೆ ಜಪಾನ್ 2021ರ ಜೂನ್‌ನಲ್ಲಿ ಷರತ್ತಿನ ಮೇಲೆ, ಏಳು ವರ್ಷಗಳ ಕಾಲಮಿತಿಯೊಡನೆ ಒಪ್ಪಿಗೆ ಕೊಟ್ಟಿತು. ಗಡ್ಡೆಯೊಳಗೇ ಗರಿಷ್ಠ ಆರು ಬಾರಿ ಚುಚ್ಚುವ ಈ ಚಿಕಿತ್ಸೆಯನ್ನು ಪಡೆದ 19 ರೋಗಿಗಳಲ್ಲಿ ಶೇ. 84.2ರಷ್ಟು ಮಂದಿ ಒಂದು ವರ್ಷ ದಾಟಿದರು, ಮೊದಲ ಚುಚ್ಚುಮದ್ದಿನಿಂದ ಎಣಿಸಿದ ಮಧ್ಯಕ 20.2 ತಿಂಗಳು. ಅಂಕಿ ಆಕರ್ಷಕವಾಗಿದೆ, ಆದರೆ ಹೋಲಿಸಲು ಅದೇ ಪ್ರಯೋಗದೊಳಗೆ ಇನ್ನೊಂದು ಗುಂಪು ಇರಲಿಲ್ಲ. ಹಳೆಯ ಪ್ರಯೋಗಗಳ ರೋಗಿಗಳೊಡನೆ ಹೋಲಿಸಿದ್ದು. ಒಂದೇ ಕಡೆ ಇರುವ, ಗಾತ್ರದಲ್ಲಿ ಮಿತಿಯಲ್ಲಿರುವ, ಸೂಜಿಗೆ ಎಟಕುವ ಗಡ್ಡೆಯ, ಇನ್ನೂ ಓಡಾಡಿಕೊಂಡಿರುವ ರೋಗಿಗಳನ್ನೇ ಇಂತಹ ಪ್ರಯೋಗಗಳಿಗೆ ಆರಿಸುವುದರಿಂದ, ಯಾವ ಔಷಧವಿಲ್ಲದೆಯೂ ಅವರು ಉಳಿದವರಿಗಿಂತ ಹೆಚ್ಚು ಕಾಲ ಬದುಕುವ ಸಾಧ್ಯತೆ ಇರುತ್ತದೆ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಪೋಲಿಯೊ ಲಸಿಕೆಯ ವೈರಸ್ಸಿಗೆ ನೆಗಡಿ ವೈರಸ್ಸಿನ ಒಂದು ತುಣುಕು ಜೋಡಿಸಿ ನಡೆಸಿದ ಪ್ರಯೋಗದ ಅಂಕಿಗಳು ಬೇರೊಂದು ಪಾಠ ಹೇಳುತ್ತವೆ. 2018ರಲ್ಲಿ ಪ್ರಕಟವಾದ ವರದಿಯ 61 ರೋಗಿಗಳಲ್ಲಿ ಮಧ್ಯಕ ಬದುಕುಳಿಯುವಿಕೆ 12.5 ತಿಂಗಳು, ಹಳೆಯ ರೋಗಿಗಳ 11.3 ತಿಂಗಳಿಗಿಂತ ಹೆಚ್ಚೇನೂ ಅಲ್ಲ. ಆದರೆ ಎರಡು ವರ್ಷದ ಹೊತ್ತಿಗೆ ಉಳಿದ ಶೇ. 21ರ ಪ್ರಮಾಣ ಮೂರು ವರ್ಷಕ್ಕೂ ಹಾಗೆಯೇ ನಿಂತಿತ್ತು; ಹಳೆಯ ಗುಂಪಿನಲ್ಲಿ ಅದು ಶೇ. 14ರಿಂದ ಶೇ. 4ಕ್ಕೆ ಇಳಿದಿತ್ತು. ಟೆಕ್ಸಾಸ್‌ನಲ್ಲಿ ಪರೀಕ್ಷಿಸಿದ ಡಿಎನ್ಎಕ್ಸ್-2401 ಎಂಬ ಅಡಿನೊವೈರಸ್ಸಿನಲ್ಲೂ ಒಂದೇ ಚುಚ್ಚುಮದ್ದು ಪಡೆದ 25 ಮಂದಿಯಲ್ಲಿ ಐದನೆಯ ಒಂದು ಪಾಲು ಮೂರು ವರ್ಷ ಮೀರಿತು. ಅಂದರೆ ಈ ವೈರಸ್‌ಗಳು ಎಲ್ಲರಿಗೂ ಸ್ವಲ್ಪ ಸ್ವಲ್ಪ ಸಹಾಯ ಮಾಡುವ ಬಗೆಯವಲ್ಲ; ಬಹುಪಾಲು ಜನರಿಗೆ ಏನೂ ಆಗದೆ ಕೆಲವರಿಗೆ ಬಹಳ ಆಗುವ ಬಗೆಯವು. ಇಂತಹದ್ದನ್ನು ಆರಿಸುವಾಗ ಮಧ್ಯಕಕ್ಕಿಂತ ಮೂರನೆಯ ವರ್ಷದ ಅಂಕಿಯನ್ನು ಕೇಳುವುದು ಒಳ್ಳೆಯದು.

ಆ ಕೆಲವರು ಯಾರು? ಬಾಸ್ಟನ್‌ನ ಸಿಎಎನ್-3110 ಎಂಬ ತಿದ್ದಿದ ಹರ್ಪಿಸ್ ವೈರಸ್ಸಿನ ಪ್ರಯೋಗ ಸಣ್ಣದೊಂದು ಸುಳಿವು ಕೊಟ್ಟಿದೆ. 2023ರಲ್ಲಿ ಪ್ರಕಟವಾದ ಆ ವರದಿಯ 41 ರೋಗಿಗಳಲ್ಲಿ, ಹಿಂದೆಯೇ ಹರ್ಪಿಸ್ ಸೋಂಕಾಗಿ ರಕ್ತದಲ್ಲಿ ಪ್ರತಿಕಾಯವಿದ್ದವರು ಪ್ರತಿಕಾಯವಿಲ್ಲದವರಿಗಿಂತ ಹೆಚ್ಚು ಕಾಲ ಬದುಕಿದರು. ಪ್ರತಿಕಾಯವಿದ್ದರೆ ವೈರಸ್ ಬೇಗ ನಾಶವಾಗಿ ಚಿಕಿತ್ಸೆ ವ್ಯರ್ಥವಾಗುತ್ತದೆ ಎಂದು ಭಾವಿಸಿದ್ದವರಿಗೆ ಇದು ತದ್ವಿರುದ್ಧ. ವೈರಸ್ಸು ಎಷ್ಟು ಕೋಶಗಳನ್ನು ಒಡೆಯಿತು ಎನ್ನುವುದಕ್ಕಿಂತ ದೇಹದ ಸೈನ್ಯವನ್ನು ಎಷ್ಟು ಬೇಗ ಅಲ್ಲಿಗೆ ಕರೆತಂದಿತು ಎಂಬುದೇ ಮುಖ್ಯ ಎಂದು ನಾನು ಇದನ್ನು ಓದುತ್ತೇನೆ.

ಇದೇ ಗುಣ ತೊಂದರೆಯೂ ಆಗುತ್ತದೆ. ಚುಚ್ಚಿದ ನಂತರ ಉರಿಯೂತದಿಂದ ಗಡ್ಡೆ ಊದಿಕೊಂಡು, ಎಂಆರ್‌ಐನಲ್ಲಿ ರೋಗ ಉಲ್ಬಣಿಸಿದಂತೆ ಕಾಣಬಹುದು. ಜ್ವರ, ವಾಂತಿ, ತಲೆನೋವು, ಕೆಲವೊಮ್ಮೆ ಕೈಕಾಲಿನ ಬಲಹೀನತೆ ಬರಬಹುದು. ಊತ ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಟಿ-ಕೋಶಗಳನ್ನೂ ತಣ್ಣಗಾಗಿಸುತ್ತದೆ. ಈ ಕಾರಣದಿಂದಲೇ ಹೆಚ್ಚಿನ ಪ್ರಮಾಣದ ಸ್ಟೆರಾಯ್ಡ್ ಮೇಲೆ ಇರುವವರನ್ನು ಅನೇಕ ಪ್ರಯೋಗಗಳು ಸೇರಿಸಿಕೊಳ್ಳುವುದಿಲ್ಲ.

ಕಾರ್-ಟಿ: ಜೀನ್ ಕೊಡುವುದು ಗಡ್ಡೆಗಲ್ಲ, ಸೈನಿಕನಿಗೆ

ಮೂರನೆಯ ದಾರಿಯಲ್ಲಿ ರೋಗಿಯ ಟಿ-ಕೋಶಗಳನ್ನು ರಕ್ತದಿಂದ ತೆಗೆದು, ಗಡ್ಡೆಯ ಮೇಲ್ಮೈಯ ಒಂದು ಗುರುತನ್ನು ಹಿಡಿಯುವ ಜೀನನ್ನು ಪ್ರಯೋಗಾಲಯದಲ್ಲಿ ಸೇರಿಸಿ, ಬೆಳೆಸಿ, ಮರಳಿ ಕೊಡುತ್ತಾರೆ; ಹೀಗೆ ತಿದ್ದಿದವೇ ಕಾರ್-ಟಿ ಕೋಶಗಳು. ವೈರಸ್ ಸೂಜಿಯ ಜಾಡಿನಲ್ಲೇ ಉಳಿಯುವ ಹಳೆಯ ಸಮಸ್ಯೆ ಇಲ್ಲಿಲ್ಲ, ಏಕೆಂದರೆ ಈ ಕೋಶಗಳು ತಾವೇ ನಡೆದಾಡುತ್ತವೆ. ಇದರ ತೊಡಕು ಬೇರೆ: ಗ್ಲಯೊಬ್ಲಾಸ್ಟೋಮಾದ ಎಲ್ಲ ಕೋಶಗಳೂ ಒಂದೇ ಗುರುತು ಹೊತ್ತಿರುವುದಿಲ್ಲ. ಇಜಿಎಫ್ಆರ್‌ವಿIII ಎಂಬ ಗುರುತನ್ನು ಹಿಡಿಯುವ ಕೋಶಗಳನ್ನು 10 ರೋಗಿಗಳಿಗೆ ರಕ್ತನಾಳದ ಮೂಲಕ ಕೊಟ್ಟ 2017ರ ವರದಿಯಲ್ಲಿ, ಕೋಶಗಳು ಗಡ್ಡೆಯನ್ನೇನೋ ತಲುಪಿದವು; ಆದರೆ ಆಮೇಲೆ ತೆಗೆದ ಗಡ್ಡೆಗಳಲ್ಲಿ ಹೆಚ್ಚಿನವುಗಳಲ್ಲಿ ಆ ಗುರುತೇ ಕಡಿಮೆಯಾಗಿತ್ತು. ಗುರುತಿಲ್ಲದ ಕೋಶಗಳು ಉಳಿದು ಬೆಳೆದವು.

ಅದಕ್ಕೆಂದೇ ಈಗಿನ ಯತ್ನಗಳಲ್ಲಿ ಎರಡು ಬದಲಾವಣೆಗಳಾಗಿವೆ: ಒಂದರ ಬದಲು ಎರಡು ಗುರುತುಗಳನ್ನು ಹಿಡಿಯುವುದು, ಮತ್ತು ರಕ್ತದ ಬದಲು ಮಿದುಳಿನ ಕುಹರದ, ಅಂದರೆ ಮಿದುಳಿನೊಳಗಿನ ಪೊಳ್ಳಿನ, ದ್ರವಕ್ಕೇ ಕೋಶಗಳನ್ನು ಬಿಡುವುದು. 2024ರ ಮಾರ್ಚ್‌ನಲ್ಲಿ ಬಾಸ್ಟನ್ ಮತ್ತು ಫಿಲಡೆಲ್ಫಿಯಾದ ಎರಡು ತಂಡಗಳು ಹೀಗೆ ಕೊಟ್ಟ ಕೋಶಗಳಿಂದ ಕೆಲವೇ ದಿನಗಳಲ್ಲಿ ಗಡ್ಡೆ ಕುಗ್ಗಿದ್ದನ್ನು ವರದಿ ಮಾಡಿದವು. ಪತ್ರಿಕೆಗಳಲ್ಲಿ ಬಂದ ಎಂಆರ್‌ಐ ಚಿತ್ರಗಳು ಬೆರಗುಗೊಳಿಸುವಂತಿದ್ದವು. ಆದರೆ ಮೊದಲನೆಯದರಲ್ಲಿ ಇದ್ದದ್ದು ಮೂವರು ರೋಗಿಗಳು, ಎರಡನೆಯದರಲ್ಲಿ ಆರು; ಬಾಸ್ಟನ್ನಿನ ಮೂವರಲ್ಲಿ ಇಬ್ಬರಿಗೆ ಗಡ್ಡೆ ಬೇಗನೆ ಮರಳಿತು. ಕುಗ್ಗುವುದು ಬೇರೆ, ಕುಗ್ಗಿಯೇ ಇರುವುದು ಬೇರೆ.

ನನಗೆ ಹೆಚ್ಚು ಗಟ್ಟಿಯಾಗಿ ಕಾಣುವುದು ಮಕ್ಕಳ ಮತ್ತು ಯುವಕರ ಮಧ್ಯರೇಖೆಯ ಗ್ಲಯೋಮಾದ, ಅಂದರೆ ಮಿದುಳಿನ ನಡುಭಾಗದಲ್ಲಿ ಬೆಳೆಯುವ ಇನ್ನೊಂದು ಬಗೆಯ ಗಡ್ಡೆಯ, ಕೆಲಸ. ಉಸಿರಾಟವನ್ನು ನಿಯಂತ್ರಿಸುವ ಮಿದುಳುಕಾಂಡದಂತಹ ಕಡೆ ಬೆಳೆಯುವ, ಎಚ್3 ಕೆ27ಎಂ ಎಂಬ ಜೀನ್ ರೂಪಾಂತರವಿರುವ ಈ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಲಾಗದು, ಮತ್ತು ಮಧ್ಯಕ ಬದುಕುಳಿಯುವಿಕೆ ಒಂದು ವರ್ಷದ ಆಸುಪಾಸಿನದು. ಈ ಕೋಶಗಳ ಮೇಲೆ ಜಿಡಿ2 ಎಂಬ ಗುರುತು ಬಹಳ ಸಮನಾಗಿ, ಬಹಳ ಹೆಚ್ಚಾಗಿ ಇರುತ್ತದೆ. ಗ್ಲಯೊಬ್ಲಾಸ್ಟೋಮಾದಲ್ಲಿ ಸಿಗದ ಅನುಕೂಲ ಇದು. ಸ್ಟ್ಯಾನ್‌ಫರ್ಡ್ ತಂಡ 2024ರಲ್ಲಿ ಪ್ರಕಟಿಸಿದಂತೆ ಚಿಕಿತ್ಸೆ ಪಡೆದ 11 ಮಂದಿಯಲ್ಲಿ ನಾಲ್ವರ ಗಡ್ಡೆ ಅರ್ಧಕ್ಕಿಂತ ಹೆಚ್ಚು ಕುಗ್ಗಿತು, ಅವರಲ್ಲಿ ಒಬ್ಬರ ಗಡ್ಡೆ ಪೂರ್ತಿ ಕಾಣದಾಗಿ 30 ತಿಂಗಳು ಮೀರಿದರೂ ಹಾಗೆಯೇ ಇತ್ತು. ಮಿದುಳುಕಾಂಡದಲ್ಲಿ ಉರಿಯೂತವಾದರೆ ಉಸಿರಾಟಕ್ಕೇ ಸಂಚಕಾರ ಬರಬಹುದಾದ್ದರಿಂದ ತೀವ್ರ ನಿಗಾ ಘಟಕ, ಕುಹರದ ಒತ್ತಡ ಇಳಿಸುವ ವ್ಯವಸ್ಥೆ, ನುರಿತ ತಂಡ ಇಲ್ಲದ ಕಡೆ ಇದನ್ನು ಯೋಚಿಸಲೂಬಾರದು.

ಉಳಿದವು

ರಕ್ತಕ್ಕೆ ಚುಚ್ಚಿದರೆ ರಕ್ತ-ಮಿದುಳು ತಡೆಯನ್ನು (ರಕ್ತದಲ್ಲಿರುವ ಹೆಚ್ಚಿನ ವಸ್ತುಗಳನ್ನು ಮಿದುಳಿಗೆ ಬಿಡದ ಗೋಡೆಯನ್ನು) ದಾಟಿ ಮಿದುಳಿಡೀ ಹರಡುವ, ಎಎವಿ ಎಂಬ ಸಣ್ಣ ವೈರಸ್ಸಿನ ವಾಹಕಗಳ ಬಗ್ಗೆ ದೊಡ್ಡ ಮಾತುಗಳು ಕೇಳಿಬರುತ್ತವೆ. ಪಿಎಚ್‌ಪಿ.ಬಿ ಎಂಬ ವಾಹಕ ಒಂದು ತಳಿಯ ಇಲಿಯಲ್ಲಿ ಅದ್ಭುತವಾಗಿ ದಾಟಿತು, ಬೇರೊಂದು ತಳಿಯಲ್ಲೂ ಮಂಗಗಳಲ್ಲೂ ದಾಟಲಿಲ್ಲ. ಅದು ಹಿಡಿದು ದಾಟುತ್ತಿದ್ದ ಪ್ರೋಟೀನು ಆ ಇಲಿಗಳಲ್ಲಿ ಮಾತ್ರ ತಕ್ಕ ರೂಪದಲ್ಲಿತ್ತು. ಮನುಷ್ಯನ ಪ್ರೋಟೀನನ್ನೇ ಹಿಡಿಯುವ ಹೊಸ ವಾಹಕಗಳು ಬರುತ್ತಿವೆಯಾದರೂ, ಎಎವಿಯ ಜೀನ್ ಕೋಶ ವಿಭಜನೆಗೊಂಡಂತೆಲ್ಲ ತೆಳುವಾಗಿ ಹೋಗುತ್ತದೆ. ಬೇಗ ಬೇಗ ವಿಭಜನೆಗೊಳ್ಳುವುದೇ ಗುಣವಾಗಿರುವ ಗಡ್ಡೆಗೆ ಇದು ಹೇಳಿ ಮಾಡಿಸಿದ ಕೊರತೆ. ಚಿನ್ನದ ನ್ಯಾನೊಕಣಗಳ ಮೇಲೆ ಆರ್‌ಎನ್‌ಎ ಅಂಟಿಸಿ ಒಂದು ಜೀನನ್ನು ಸುಮ್ಮನಾಗಿಸುವ ಯತ್ನ ಎಂಟು ರೋಗಿಗಳಲ್ಲಿ ಕಣಗಳು ಗಡ್ಡೆಯನ್ನು ಸೇರುತ್ತವೆ ಎಂದಷ್ಟೇ ತೋರಿಸಿದೆ. ರೋಗನಿರೋಧಕ ಕೋಶಗಳನ್ನು ಎಚ್ಚರಿಸುವ ಇಂಟರ್‌ಲ್ಯೂಕಿನ್-12 ಎಂಬ ಪ್ರೋಟೀನಿನ ಜೀನನ್ನು ಗಡ್ಡೆಯಲ್ಲಿಟ್ಟು, ಬಾಯಿಯ ಮೂಲಕ ಕೊಡುವ ಮಾತ್ರೆಯಿಂದ ಅದನ್ನು ಹೊತ್ತಿಸುವ, ಆರಿಸುವ ಪ್ರಯೋಗ ಜಾಣತನದ್ದು. ಮಾತ್ರೆ ನಿಲ್ಲಿಸಿದರೆ ಅಡ್ಡಪರಿಣಾಮ ಇಳಿಯುತ್ತದೆ. ಇವುಗಳಲ್ಲಿ ಯಾವುದನ್ನೂ ಇಂದಿನ ರೋಗಿ ಆಯ್ಕೆ ಎಂದು ಎಣಿಸುವಂತಿಲ್ಲ.

ಆಯ್ಕೆಯ ಹೊತ್ತಿಗೆ

ಹೊಸದಾಗಿ ರೋಗ ಪತ್ತೆಯಾದವರು ಶಸ್ತ್ರಚಿಕಿತ್ಸೆ, ವಿಕಿರಣ, ಟೆಮೊಜೊಲೊಮೈಡನ್ನು ಬಿಟ್ಟು ಜೀನ್ ಚಿಕಿತ್ಸೆಯನ್ನು ಅರಸಿ ಹೋಗುವುದಕ್ಕೆ ಇಂದು ಯಾವ ಸಮರ್ಥನೆಯೂ ಇಲ್ಲ. ಔಷಧ ಮಾಡಿದ ಹಾನಿಯನ್ನು ಸರಿಪಡಿಸುವ ಎಂಜಿಎಂಟಿ ಜೀನಿನ ಮೇಲೆ, ಅದನ್ನು ಸುಮ್ಮನಾಗಿಸುವ ಮಿಥೈಲ್ ಗುರುತು ಇರುವವರಿಗಂತೂ ಆ ಮಾತ್ರೆಯ ಲಾಭ ಹೆಚ್ಚು, ಆದ್ದರಿಂದ ಆ ಪರೀಕ್ಷೆಯನ್ನು ಮೊದಲೇ ಮಾಡಿಸಬೇಕು.

ರೋಗ ಮರುಕಳಿಸಿದಾಗ ಗಡ್ಡೆ ಒಂದೇ ಆಗಿದ್ದು, ಕುಹರದಿಂದ ದೂರವಿದ್ದು, ಸ್ಟೆರಾಯ್ಡ್ ಹೆಚ್ಚು ಬೇಕಿಲ್ಲದಿದ್ದರೆ ನಾನು ಮೊದಲು ವಿಚಾರಿಸುವುದು ಕೋಶ ಒಡೆಯುವ ವೈರಸ್ಸಿನ ಪ್ರಯೋಗವನ್ನು. ಗಡ್ಡೆ ಹಲವೆಡೆ ಚದುರಿದ್ದರೆ ಒಂದು ಸೂಜಿಯಿಂದ ಆಗುವ ಕೆಲಸ ಅದಲ್ಲ. ಆಗ ದ್ರವದ ಮೂಲಕ ಕೊಡುವ ಕಾರ್-ಟಿ ಹೆಚ್ಚು ಅರ್ಥಪೂರ್ಣ, ಆದರೆ ಕೋಶ ತಯಾರಾಗಲು ವಾರಗಳೇ ಬೇಕು, ಅಷ್ಟರಲ್ಲಿ ಗಡ್ಡೆ ಎಷ್ಟು ಬೆಳೆದೀತು ಎಂದು ವೈದ್ಯರೊಡನೆ ಲೆಕ್ಕ ಹಾಕಲೇಬೇಕು. ಮಕ್ಕಳ ಮಧ್ಯರೇಖೆಯ ಗಡ್ಡೆಗೆ ಜಿಡಿ2 ಪ್ರಯೋಗಗಳನ್ನು ವಿಕಿರಣ ಮುಗಿಯುವ ಮೊದಲೇ ಹುಡುಕತೊಡಗುವುದು ಒಳಿತು. ಒಂದು ಪ್ರಯೋಗ ಸೇರಿದರೆ ಇನ್ನೊಂದರ ಬಾಗಿಲು ಮುಚ್ಚಬಹುದು ಎಂಬುದನ್ನು ಸಹಿ ಹಾಕುವ ಮೊದಲು ಕೇಳಿ. ಒಮ್ಮೆ ವೈರಸ್ ಚುಚ್ಚಿಸಿಕೊಂಡವರನ್ನು ಮುಂದಿನ ಜೀನ್ ಚಿಕಿತ್ಸೆಯ ಪ್ರಯೋಗಗಳು ಹೆಚ್ಚಾಗಿ ಸೇರಿಸಿಕೊಳ್ಳುವುದಿಲ್ಲ.

ನಮ್ಮ ಕಡೆಯ ಸ್ಥಿತಿ ಹೀಗಿದೆ. ಭಾರತದಲ್ಲಿ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಪಡೆದ, ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಕೆಲಸದಿಂದ ಹುಟ್ಟಿದ ನೆಕ್ಸ್‌ಕಾರ್19 ಆಗಲಿ, ಬೆಂಗಳೂರಿನ ಇಮ್ಯುನೀಲ್ ಕಂಪನಿ 2025ರ ಜನವರಿಯಲ್ಲಿ ಹೊರತಂದ ಕಾರ್ಟೆಮಿ ಆಗಲಿ ಬಿ-ಕೋಶ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್‌ಗಳಿಗೆ ಮಾತ್ರ. ಮಿದುಳಿನ ಗಡ್ಡೆಗೆ ಅವು ಉಪಯೋಗಕ್ಕೆ ಬಾರವು. ಆದರೆ ಕಾರ್-ಟಿ ಕೋಶವನ್ನು ಇಲ್ಲೇ, ಹೊರದೇಶಕ್ಕಿಂತ ಬಹಳ ಕಡಿಮೆ ವೆಚ್ಚದಲ್ಲಿ ತಯಾರಿಸುವ ಸಾಮರ್ಥ್ಯ ಬಂದಿದೆ ಎಂಬುದು ಸಣ್ಣ ಮಾತಲ್ಲ. ಗ್ಲಯೊಬ್ಲಾಸ್ಟೋಮಾದ ಜೀನುಗಳ ಅಧ್ಯಯನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ನಿಮ್ಹಾನ್ಸ್‌ನಲ್ಲೂ ವರ್ಷಗಳಿಂದ ನಡೆದಿದೆ. ಇಲ್ಲಿ ನಡೆಯುವ ಪ್ರಯೋಗ ಯಾವುದೇ ಆಗಿರಲಿ, ಅದು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಿರಬೇಕು, ನೈತಿಕ ಸಮಿತಿಯ ಒಪ್ಪಿಗೆ ಪಡೆದಿರಬೇಕು. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಸಿಗಬೇಕೆಂದು 2019ರ ನಿಯಮಗಳು ಹೇಳುತ್ತವೆ. ನೋಂದಣಿ ಸಂಖ್ಯೆ ಕೊಡದೆ, ಮುಂಗಡ ಹಣ ಕೇಳಿ, ಜೀನ್ ಚಿಕಿತ್ಸೆ ಕೊಡುತ್ತೇವೆನ್ನುವವರಿಂದ ದೂರವಿರಿ.

ಮೊದಲ ಶಸ್ತ್ರಚಿಕಿತ್ಸೆಯ ದಿನವೇ ಮಾಡಬಹುದಾದ ಕೆಲಸವೊಂದಿದೆ. ತೆಗೆದ ಗಡ್ಡೆಯ ಮೇಣದ ಬ್ಲಾಕ್‌ಗಳನ್ನು (ಪರೀಕ್ಷೆಗೆಂದು ಮೇಣದಲ್ಲಿ ಕಾಪಿಟ್ಟ ತುಣುಕುಗಳನ್ನು) ಆಸ್ಪತ್ರೆ ಎಷ್ಟು ವರ್ಷ ಇಟ್ಟುಕೊಳ್ಳುತ್ತದೆ, ಬೇರೆಡೆಗೆ ಕಳುಹಿಸಿಕೊಡುತ್ತದೆಯೇ, ಒಂದು ತುಣುಕನ್ನು ಶೈತ್ಯದಲ್ಲಿ ಉಳಿಸಲು ಸಾಧ್ಯವೇ ಎಂದು ಮುಂಚಿತವಾಗಿ ಕೇಳಿ, ರೋಗಶಾಸ್ತ್ರ ವಿಭಾಗದ ಸಂಖ್ಯೆಯನ್ನು ಕಡತದಲ್ಲಿ ಬರೆದಿಟ್ಟುಕೊಳ್ಳಿ. ಗುರುತು ನೋಡಿ ಆರಿಸುವ ಅನೇಕ ಪ್ರಯೋಗಗಳು ಮೊದಲು ಕೇಳುವುದು ಆ ಬ್ಲಾಕನ್ನೇ. ಗಡ್ಡೆ ಮರುಕಳಿಸಿದಾಗ ಗುರುತು ಬದಲಾಗಿರಬಹುದಾದ್ದರಿಂದ ಹೊಸ ಬಯಾಪ್ಸಿಯನ್ನು ಕೇಳಿದರೂ ಆಶ್ಚರ್ಯವಿಲ್ಲ.